ಸ್ಕ್ರೀನ್ ಪ್ರಿಂಟಿಂಗ್: ಕುತ್ತು ಇರುವುದು ದರಪಟ್ಟಿಯಲ್ಲಿ

ಮಳೆಗಾಲ ಕಳೆಯುತ್ತಿದ್ದಂತೆಯೇ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳಲ್ಲಿ ಶಾಲಾ ಕ್ರೀಡಾಕೂಟ, ಕಬಡ್ಡಿ ಪಂದ್ಯಾಟ, ಕಂಬಳ, ಧರ್ಮಸ್ಥಳದ ಲಕ್ಷದೀಪೋತ್ಸವಗಳ ಋತು ಆರಂಭವಾಗುತ್ತದೆ. ತಂಡದ ಹೆಸರು, ಲಾಂಛನಗಳುಳ್ಳ ಅಂಗಿಗಳಿಗೆ ಬೇಡಿಕೆ ಹೆಚ್ಚುವುದೂ ಆಗಲೇ. ಡಿಜಿಟಲ್ ಮುದ್ರಣ ಬಂದ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಕಸುಬಿಗೆ ಉಳಿಗಾಲವಿಲ್ಲವೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ ಕಿರು ಘಟಕಗಳನ್ನು ಸೊರಗಿಸುತ್ತಿರುವುದು ಹೊಸ ಯಂತ್ರಕ್ಕಿಂತ ಹೆಚ್ಚಾಗಿ ಹಳೆಯ ದರಪಟ್ಟಿ.

ಈ ವಿಧಾನದಲ್ಲಿ ಪ್ರತಿಯೊಂದು ಬಣ್ಣಕ್ಕೂ ಪ್ರತ್ಯೇಕ ಜಾಲರಿ ಚೌಕಟ್ಟು ಬೇಕು. ಎಮಲ್ಷನ್ ಹಚ್ಚಿ, ಒಣಗಿಸಿ, ಬೆಳಕಿಗೊಡ್ಡಿ, ತೊಳೆದು ಅದನ್ನು ಸಿದ್ಧಪಡಿಸುವ ವೆಚ್ಚ ಅಂಗಿ ಹತ್ತಿರಲಿ, ಸಾವಿರವಿರಲಿ ಬದಲಾಗದು. ಒಂದು ಚೌಕಟ್ಟಿಗೆ 400 ರೂಪಾಯಿ ತಗಲುವುದೆಂದು ಭಾವಿಸಿದರೆ, ನಾಲ್ಕು ಬಣ್ಣಗಳ ವಿನ್ಯಾಸಕ್ಕೆ 1,600 ರೂಪಾಯಿ. 200 ಅಂಗಿಗಳಿಗೆ ಹಂಚಿದಾಗ ತಲಾ 8 ರೂಪಾಯಿ. 20 ಅಂಗಿಗಳಿಗಾದರೆ ತಲಾ 80 ರೂಪಾಯಿ. ಎರಡಕ್ಕೂ ಒಂದೇ ದರ ಹೇಳುವವನು ಸಣ್ಣ ಬೇಡಿಕೆಯಲ್ಲಿ ಕೈಯಿಂದ ಹಣ ತೆತ್ತು ದುಡಿದಂತೆ.

ಆದ್ದರಿಂದ ಚೌಕಟ್ಟಿನ ಶುಲ್ಕ ಹಾಗೂ ಮುದ್ರಣದ ಕೂಲಿಯನ್ನು ಬೇರೆ ಬೇರೆಯಾಗಿ ನಮೂದಿಸುವುದು ಮೊದಲ ಕ್ರಮ. ಮನೆಮಂದಿಯ ಶ್ರಮ, ಯಂತ್ರದ ಸವಕಳಿ, ಕೆಟ್ಟುಹೋಗುವ ಅಂಗಿಗಳ ನಷ್ಟ ಇವೂ ಲೆಕ್ಕಕ್ಕೆ ಸೇರಬೇಕು. ಗ್ರಾಹಕರೇ ಅಂಗಿ ಒದಗಿಸಿದಾಗ ಹಾನಿಯ ಹೊಣೆ ಯಾರದೆಂಬುದು ಮುಂಚಿತವಾಗಿ ಲಿಖಿತದಲ್ಲಿರಲಿ. ಕರಾವಳಿಯ ಮಳೆಗಾಲದ ತೇವದಲ್ಲಿ ಎಮಲ್ಷನ್ ಆಗಲಿ, ನೀರಿನಾಧಾರಿತ ಶಾಯಿಯಾಗಲಿ ಬೇಗನೆ ಒಣಗುವುದಿಲ್ಲ. ಆ ವಿಳಂಬಕ್ಕೂ ಬೆಲೆಯುಂಟು.

ಡಿಜಿಟಲ್ ಮುದ್ರಣವನ್ನು ವೈರಿಯೆಂದೇ ಬಗೆಯಬೇಕಾಗಿಲ್ಲ. ತಿಳಿಬಣ್ಣದ ಪಾಲಿಯೆಸ್ಟರ್ ಜೆರ್ಸಿಗಳಿಗೆ, ಪ್ರತಿಯೊಬ್ಬ ಆಟಗಾರನ ಹೆಸರು ಬೇರೆಯಿರುವಲ್ಲಿಗೆ ಸಬ್ಲಿಮೇಷನ್ ಸೂಕ್ತ. ಗಾಢ ಬಣ್ಣದ ಹತ್ತಿ ಬಟ್ಟೆಗೆ ಅದು ಒಗ್ಗದು. ಒಂದೇ ವಿನ್ಯಾಸದ ನೂರಾರು ಹತ್ತಿ ಅಂಗಿಗಳಲ್ಲಿ ಸ್ಕ್ರೀನ್ ಪ್ರಿಂಟಿಂಗೇ ಇಂದಿಗೂ ಮಿತವ್ಯಯದ ದಾರಿ. ಯಾವ ಕೆಲಸವನ್ನು ಒಪ್ಪಬೇಕು, ಯಾವುದನ್ನು ಬಿಡಬೇಕೆಂಬ ವಿವೇಚನೆಯೇ ಇಲ್ಲಿ ಬಂಡವಾಳ.

ಇನ್ನು ಸಾಲ. ಸಮಾರಂಭ ಮುಗಿದ ಬಳಿಕ ಸಂಘಟಕರಿಂದ ಹಣ ವಸೂಲು ಮಾಡುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ತಿಳಿದದ್ದೇ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯು ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನಗಳೊಳಗೆ ಪಾವತಿಯಾಗಬೇಕೆಂದು ವಿಧಿಸಿದೆ; ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. 2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಉಚಿತ. ಪರಿಚಯದ ಊರಿನಲ್ಲಿ ಕಾಯಿದೆ ತೋರಿಸುವುದು ಕಷ್ಟವಾದರೆ, ಅರ್ಧ ಹಣ ಮುಂಗಡ ಕೇಳುವುದರಲ್ಲಿ ಸಂಕೋಚ ಸಲ್ಲದು.

ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಸ್ವಉದ್ಯೋಗಕ್ಕೆ ತರಬೇತಿಯ ದಾರಿ ತೋರಿದೆ. ಕಸುಬು ಕಲಿತ ಕೈಗಳು ಈ ಮೂರು ತಾಲೂಕುಗಳಲ್ಲಿ ವಿರಳವಲ್ಲ. ಆ ಕೈಗಳಿಗೆ ವೆಚ್ಚಪಟ್ಟಿ ಬರೆಯುವುದೂ ರೂಢಿಯಾದರೆ, ಊರಿನ ಅಂಗಿಯನ್ನು ಊರಿನಲ್ಲೇ ಮುದ್ರಿಸುವ ಉದ್ದಿಮೆಗೆ ಭವಿಷ್ಯವಿದೆ.