ಎಚ್‌ಐವಿ ತಡೆ ಔಷಧ: ಫಾರ್ಮಸಿಸ್ಟರಿಗೆ ಮಿತವಾದ ಅಧಿಕಾರ ಬೇಕು

ಎಚ್‌ಐವಿ ಸೋಂಕಿಗೆ ಚಿಕಿತ್ಸೆ ಇರುವಂತೆಯೇ ಸೋಂಕು ತಗಲದಂತೆ ತಡೆಯುವ ಔಷಧಗಳೂ ಇವೆ ಎಂಬುದು ಅನೇಕರಿಗೆ ತಿಳಿಯದು. ಇವು ಎರಡು ಬಗೆ. ಸೋಂಕಿನ ಅಪಾಯ ಹೆಚ್ಚಿರುವವರು ಮುಂಜಾಗ್ರತೆಯಾಗಿ ಸೇವಿಸುವ ಟೆನೊಫೊವಿರ್–ಎಮ್‌ಟ್ರಿಸಿಟಬಿನ್ ಸಂಯುಕ್ತ ಮಾತ್ರೆ ‘ಪ್ರೆಪ್’. ಸೋಂಕು ತಗಲಿರಬಹುದೆಂಬ ಸಂದರ್ಭ ಒದಗಿದ ಮೇಲೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕಾದುದು ‘ಪೆಪ್’. ಎರಡನೆಯದರಲ್ಲಿ ತಡವಾದಷ್ಟೂ ಫಲ ಕಡಿಮೆ.

ಆರೋಗ್ಯ ಸಿಬ್ಬಂದಿಗೂ ಲೈಂಗಿಕ ದೌರ್ಜನ್ಯಕ್ಕೊಳಗಾದವರಿಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಪೆಪ್ ನೀಡುವ ವ್ಯವಸ್ಥೆ ಉಂಟು. ಆದರೆ ಭಯ, ಸಂಕೋಚಗಳಿಂದ ಆಸ್ಪತ್ರೆಯ ಮೆಟ್ಟಿಲು ಹತ್ತಲಾರದವನು ಮೊದಲು ಬರುವುದು ಔಷಧ ಅಂಗಡಿಗೆ. ವೈದ್ಯರ ಚೀಟಿಯಿಲ್ಲದೆ ಈ ಮಾತ್ರೆಗಳನ್ನು ಮಾರುವಂತಿಲ್ಲವಾದ್ದರಿಂದ ಅಂಗಡಿಯವರು ‘ಚೀಟಿ ತನ್ನಿ’ ಎನ್ನುತ್ತಾರೆ. ಹಾಗೆ ಹಿಂದಿರುಗಿದವರೆಲ್ಲರೂ ವೈದ್ಯರನ್ನು ಕಾಣುತ್ತಾರೆಂಬ ಭರವಸೆಯಿಲ್ಲ, ಗಂಟೆಗಳಂತೂ ಉರುಳುತ್ತವೆ.

ಈ ನಿರ್ಬಂಧ ಅರ್ಥಹೀನವೆಂದಲ್ಲ. ಅರಿಯದೆ ಸೋಂಕು ಹೊಂದಿರುವವರು ಪ್ರೆಪ್ ಮಾತ್ರೆಯನ್ನಷ್ಟೇ ಸೇವಿಸಿದರೆ ವೈರಾಣು ಔಷಧಕ್ಕೆ ಜಗ್ಗದಂತಾಗಬಹುದು. ಮೂತ್ರಪಿಂಡದ ತಪಾಸಣೆಯೂ ಅವಶ್ಯ. ಆದುದರಿಂದ ಚೀಟಿಯಿಲ್ಲದ ಮುಕ್ತ ಮಾರಾಟವನ್ನು ಯಾರೂ ಬಯಸಬಾರದು. ಬೇಕಾಗಿರುವುದು ತರಬೇತಿ ಪಡೆದ ಫಾರ್ಮಸಿಸ್ಟರಿಗೆ ನಿಯಮಬದ್ಧವಾದ, ಮಿತವಾದ ಅಧಿಕಾರ.

ಇದಕ್ಕೆ ನಿದರ್ಶನವಿದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2019ರಲ್ಲಿ ಶಾಸನ ಮಾಡಿ, ವೈದ್ಯರ ಚೀಟಿಯಿಲ್ಲದೆಯೂ ಪ್ರೆಪ್ ಮತ್ತು ಪೆಪ್ ನೀಡಲು ಫಾರ್ಮಸಿಸ್ಟರಿಗೆ ಅವಕಾಶ ಕಲ್ಪಿಸಿತು. ಅದಕ್ಕೆ ವಿಶೇಷ ತರಬೇತಿ ಕಡ್ಡಾಯ. ಪ್ರೆಪ್ ಪಡೆಯುವವರಿಗೆ ಹಿಂದಿನ ಏಳು ದಿನಗಳಲ್ಲಿ ಸೋಂಕಿಲ್ಲವೆಂಬ ಪರೀಕ್ಷಾ ವರದಿ ಇರಬೇಕೆಂದೂ, ಮೊದಲಿಗೆ 60 ದಿನಗಳಷ್ಟು ಮಾತ್ರೆ ಮಾತ್ರವೆಂದೂ, ಮುಂದಿನ ಆರೈಕೆಗೆ ವೈದ್ಯರ ಬಳಿಗೆ ಕಳುಹಿಸಬೇಕೆಂದೂ ಆ ಶಾಸನ ವಿಧಿಸಿತು.

ನಮ್ಮಲ್ಲಿ ದೀಪದ ಬುಡದಲ್ಲೇ ಕತ್ತಲು. 2001ರಲ್ಲಿ ಸಿಪ್ಲಾ ಸಂಸ್ಥೆ ವರ್ಷಕ್ಕೆ 350 ಡಾಲರ್ ದರದಲ್ಲಿ ಮೂರು ಔಷಧಗಳ ಸಂಯುಕ್ತ ಚಿಕಿತ್ಸೆಯನ್ನು ಒದಗಿಸುವುದಾಗಿ ಘೋಷಿಸಿ ಜಗತ್ತಿನ ಬೆಲೆಗಳನ್ನೇ ಇಳಿಸಿತು. ಆಫ್ರಿಕದ ರೋಗಿಗಳಿಗೆ ಔಷಧ ಪೂರೈಸುವುದರಲ್ಲಿ ಭಾರತೀಯ ಕಂಪನಿಗಳೇ ಮುಂದು. ಮೈಸೂರಿನ ಆಶೋದಯ ಸಮಿತಿಯು ಲೈಂಗಿಕ ಕಾರ್ಯಕರ್ತೆಯರಿಗೆ ಪ್ರೆಪ್ ನೀಡುವ ಪ್ರಾಯೋಗಿಕ ಯೋಜನೆಯನ್ನೂ ನಡೆಸಿದೆ. ತಯಾರಿಕೆಯೂ ಅನುಭವವೂ ನಮ್ಮಲ್ಲೇ ಇರುವಾಗ, ಜನರಿಗೆ ಹತ್ತಿರದ ಬಾಗಿಲಾದ ಔಷಧ ಅಂಗಡಿ ಮಾತ್ರ ಈ ಕಾರ್ಯದಿಂದ ಹೊರಗುಳಿಯುವುದು ಸರಿಯಲ್ಲ.

ಔಷಧ ನಿಯಮಾವಳಿಯ ತಿದ್ದುಪಡಿ ಕೇಂದ್ರ ಸರ್ಕಾರದ ಅಧಿಕಾರ. ವಾಣಿಜ್ಯ ಸಂಸ್ಥೆಗಳು ಅದರ ಮುಂದೆ ಒಂದು ಸ್ಪಷ್ಟ ಬೇಡಿಕೆ ಇಡಲಿ: ತರಬೇತಾದ ಫಾರ್ಮಸಿಸ್ಟರು ಪೆಪ್ ಔಷಧದ ಮೊದಲ ಮೂರು ದಿನಗಳ ಪ್ರಮಾಣವನ್ನು ಕೂಡಲೇ ನೀಡಿ, ಅಂದೇ ವೈದ್ಯರಿಗೋ ಎಆರ್‌ಟಿ ಕೇಂದ್ರಕ್ಕೋ ಲಿಖಿತವಾಗಿ ಕಳುಹಿಸುವಂತಾಗಲಿ. ಪ್ರೆಪ್ ಔಷಧಕ್ಕೆ ಪರೀಕ್ಷಾ ವರದಿ ಕಡ್ಡಾಯವಾಗಿರಲಿ.

ಅಧಿಕಾರ ಕೇಳುವವರು ಹೊಣೆಯನ್ನೂ ಹೊರಬೇಕು. ನೋಂದಾಯಿತ ಫಾರ್ಮಸಿಸ್ಟರು ಅಂಗಡಿಯಲ್ಲಿ ಖುದ್ದಾಗಿ ಇರಬೇಕು. ಗೋಡೆಯ ಮೇಲೆ ಪ್ರಮಾಣಪತ್ರ ತೂಗಿದರೆ ಸಾಲದು. ಗ್ರಾಹಕರೊಡನೆ ಗುಟ್ಟಾಗಿ ಮಾತನಾಡಲು ಒಂದು ಮೂಲೆ ಬೇಕು. 2017ರ ಎಚ್‌ಐವಿ ಕಾಯಿದೆ ಬಯಸುವ ಗೋಪ್ಯತೆಯನ್ನು ಕೆಲಸದ ಹುಡುಗನಿಂದ ಮಾಲೀಕರವರೆಗೆ ಎಲ್ಲರೂ ಪಾಲಿಸಬೇಕು. ಕಾನೂನು ಬದಲಾಗುವವರೆಗೆ ಹತ್ತಿರದ ಪರೀಕ್ಷಾ ಕೇಂದ್ರದ ವಿಳಾಸವನ್ನೂ 1097 ಸಹಾಯವಾಣಿಯನ್ನೂ ತಿಳಿಸುವುದಕ್ಕೆ ಯಾವ ಅನುಮತಿಯೂ ಬೇಕಿಲ್ಲ. ಔಷಧ ವ್ಯಾಪಾರಿ ಬಂಧುಗಳು ಅಷ್ಟನ್ನಾದರೂ ಇಂದೇ ಆರಂಭಿಸಲಿ.