ಲೇಖಕರ ಮನೆ: ಗೋಡೆ ಉಳಿದರಷ್ಟೇ ಸಾಲದು

ಮೈಸೂರಿನ ಯಾದವಗಿರಿಯಲ್ಲಿ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರು ಕಟ್ಟಿಸಿಕೊಂಡು ದಶಕಗಳ ಕಾಲ ವಾಸಿಸಿದ್ದ ಮನೆ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಈ ಭಾಗ್ಯ ಸುಲಭವಾಗಿ ಒದಗಿದ್ದಲ್ಲ. ನಾರಾಯಣ್ ನಿಧನರಾದ ಹತ್ತು ವರ್ಷಗಳ ಬಳಿಕ, 2011ರಲ್ಲಿ, ಮನೆ ಮಾರಾಟವಾಗಿ ಅದನ್ನು ಕೆಡಹುವ ಕೆಲಸ ಶುರುವಾಗಿಯೇ ಬಿಟ್ಟಿತ್ತು. ಪತ್ರಿಕೆಗಳು ಬರೆದ ಮೇಲೆ, ನಾಗರಿಕರು ದನಿ ಎತ್ತಿದ ಮೇಲೆ ಅದು ನಿಂತಿತು. ಮಹಾನಗರ ಪಾಲಿಕೆ ಕಟ್ಟಡವನ್ನು ಪಡೆದು ದುರಸ್ತಿ ಮಾಡಿಸಿತು. ಇನ್ನು ಕೆಲವು ದಿನ ತಡವಾಗಿದ್ದರೆ ನೋಡಲು ಏನೂ ಉಳಿಯುತ್ತಿರಲಿಲ್ಲ.

ಲೇಖಕರ ಮನೆಯನ್ನು ಏಕೆ ನೋಡಬೇಕು ಎಂಬ ಪ್ರಶ್ನೆಗೆ ಈ ಮನೆಯ ಬರವಣಿಗೆಯ ಕೋಣೆಯೇ ಉತ್ತರ. ಸುತ್ತಲೂ ಕಿಟಕಿಗಳನ್ನಿರಿಸಿ ಕಟ್ಟಿಸಿದ ಆ ಕೋಣೆಯಿಂದ ಒಂದು ಕಾಲಕ್ಕೆ ಚಾಮುಂಡಿ ಬೆಟ್ಟ, ನಗರದ ಗೋಪುರಗಳು, ಮೇಯುವ ದನಕರುಗಳು ಕಾಣುತ್ತಿದ್ದವು. ನೋಟ ಎಷ್ಟು ಸೊಗಸಾಗಿತ್ತೆಂದರೆ ಬರವಣಿಗೆ ಸಾಗದೆ, ಕೊನೆಗೆ ನಾರಾಯಣ್ ಅವರು ಕಿಟಕಿಗೆ ದಪ್ಪ ಪರದೆ ಇಳಿಬಿಡಬೇಕಾಯಿತು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಕಿಟಕಿಯ ಬಳಿ ನಿಂತ ಓದುಗನಿಗೆ ಬರವಣಿಗೆಯ ಶಿಸ್ತು ಎಂದರೇನು ಎಂಬುದು ಹತ್ತು ಉಪನ್ಯಾಸಗಳಿಗಿಂತ ಚೆನ್ನಾಗಿ ಮನದಟ್ಟಾಗುತ್ತದೆ. ಹೊರಗಿನ ನೋಟ ಎಷ್ಟು ಬದಲಾಗಿದೆ ಎಂಬುದೂ ತಿಳಿಯುತ್ತದೆ.

ಈ ಮನೆಯನ್ನು ಉಳಿಸುವುದಕ್ಕೆ ಅಂದು ಕೆಲವು ಕನ್ನಡ ಸಾಹಿತಿಗಳಿಂದಲೇ ವಿರೋಧ ಬಂದಿತ್ತು. ಇಂಗ್ಲಿಷಿನಲ್ಲಿ ಬರೆದು, ಹಸ್ತಪ್ರತಿಗಳನ್ನು ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕೊಟ್ಟವರ ಮನೆಗೆ ಸರ್ಕಾರದ ಹಣವೇಕೆ ಎಂಬುದು ಅವರ ವಾದ. ಕನ್ನಡದ ಲೇಖಕರ ಮನೆಗಳೇ ಹಾಳುಬೀಳುತ್ತಿರುವಾಗ ಅಂಥ ಅಸಮಾಧಾನ ಅಸಹಜವೇನಲ್ಲ. ಆದರೆ ಮಾಲ್ಗುಡಿ ಎಂಬ ಊರು ಈ ನೆಲದ ಬದುಕಿನಿಂದಲೇ ಹುಟ್ಟಿದ್ದು. ಶಂಕರ್ ನಾಗ್ ಅದನ್ನು ಕಿರುತೆರೆಗೆ ತಂದಾಗ ಆಗುಂಬೆಯೇ ಮಾಲ್ಗುಡಿಯಾಯಿತು. ಒಬ್ಬ ಲೇಖಕರ ಮನೆ ಹಾಳಾಗುವುದರಿಂದ ಮತ್ತೊಬ್ಬರ ಮನೆಗೆ ನ್ಯಾಯ ಸಿಗುವುದಿಲ್ಲ.

ಅದೇ ಆಗುಂಬೆ ಇರುವ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಇನ್ನೊಂದು ಮಾದರಿ ಇದೆ. 1992ರಲ್ಲಿ ಸ್ಥಾಪನೆಯಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಕವಿಯ ಪೂರ್ವಿಕರ ಮನೆಯನ್ನು ಜೀರ್ಣೋದ್ಧಾರ ಮಾಡಿ 2001ರಲ್ಲಿ ತೆರೆಯಿತು. ಒಳ ಅಂಗಳದ ತುಳಸಿಕಟ್ಟೆ, ಮರದ ಕಂಬಗಳು, ಗೃಹೋಪಯೋಗಿ ವಸ್ತುಗಳ ಜೊತೆಗೆ ಹಿಂದಿನ ಗುಡ್ಡವೂ ಕವಿಶೈಲವೂ ಅಲ್ಲಿ ನೋಡುವವರ ಪಾಲಿಗೆ ಮನೆಯ ಭಾಗವೇ. ಕುವೆಂಪು ಅವರ ಸಮಾಧಿಯೂ ಅಲ್ಲೇ ಇದೆ. ‘ಮಲೆಗಳಲ್ಲಿ ಮದುಮಗಳು’ ಓದಿ ಬಂದವರಿಗೆ ಆ ಕಾಡಿಲ್ಲದ ಮನೆ ಅರ್ಧ ಮನೆ ಮಾತ್ರ. ಆದರೆ ಅಲ್ಲಿಯೂ 2015ರ ನವೆಂಬರ್‌ನಲ್ಲಿ ಕಳ್ಳರು ನುಗ್ಗಿ ಕವಿಗೆ ಸಂದ ಪದ್ಮ ಪ್ರಶಸ್ತಿಗಳ ಪದಕಗಳನ್ನು ಹೊತ್ತೊಯ್ದರು. ಸ್ಮಾರಕವನ್ನು ತೆರೆದ ದಿನಕ್ಕೇ ಹೊಣೆ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷ್ಯ ಬೇಕಿಲ್ಲ.

ಈ ಎರಡು ಅನುಭವಗಳಿಂದ ಸರ್ಕಾರ ಕಲಿಯಬೇಕಾದುದಿದೆ. ಮೊದಲನೆಯದಾಗಿ, ಜೆಸಿಬಿ ಬಂದು ನಿಂತ ಮೇಲೆ ಎಚ್ಚೆತ್ತುಕೊಳ್ಳುವ ಪರಿಪಾಠ ನಿಲ್ಲಬೇಕು. ಉಳಿಸಿಕೊಳ್ಳಬೇಕಾದ ಸಾಹಿತಿಗಳ ಮನೆಗಳ ಪಟ್ಟಿಯೊಂದನ್ನು ಮುಂಚಿತವಾಗಿಯೇ ಸಿದ್ಧಪಡಿಸಬೇಕು. ವಾರಸುದಾರರ ಹಕ್ಕನ್ನು ಕಡೆಗಣಿಸುವಂತಿಲ್ಲ. ನಗರದ ನಿವೇಶನಕ್ಕೆ ಇರುವ ಬೆಲೆಯ ಮುಂದೆ ಅವರು ಭಾವನೆಗೆ ಮಾತ್ರ ಕಟ್ಟುಬೀಳಲಿ ಎನ್ನುವುದು ಅನ್ಯಾಯ. ಮಾರುವ ಸಂದರ್ಭ ಬಂದಾಗ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವ ಮೊದಲ ಅವಕಾಶ ಸಾರ್ವಜನಿಕ ಸಂಸ್ಥೆಗಿರಬೇಕು. ಎರಡನೆಯದಾಗಿ, ಕಟ್ಟಡದ ಜೊತೆಗೆ ಅಂಗಳದ ಮರಗಳು, ತೋಟ, ಸುತ್ತಲ ಪರಿಸರವೂ ರಕ್ಷಣೆಯ ವ್ಯಾಪ್ತಿಗೆ ಬರಬೇಕು. ಮೂರನೆಯದಾಗಿ, ಕಾವಲು ಮತ್ತು ನಿರ್ವಹಣೆಗೆ ಪ್ರತಿ ವರ್ಷದ ಆಯವ್ಯಯದಲ್ಲಿ ನಿಶ್ಚಿತ ಹಣ ಇರಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ಮನೆಗಳಲ್ಲಿ ಓದು ನಡೆಯಬೇಕು. ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕನ್ನಡಕ ಮತ್ತು ಕೋಟು ತೋರಿಸಿ, ಹತ್ತು ನಿಮಿಷದಲ್ಲಿ ಬಸ್ಸು ಹತ್ತಿಸಿದರೆ ಪ್ರವಾಸದ ಲೆಕ್ಕ ಮುಗಿಯುತ್ತದೆ, ಅಷ್ಟೆ. ಅದೇ ಮಕ್ಕಳು ನಾರಾಯಣ್ ಅವರ ಕಿಟಕಿಯ ಬಳಿ ಕುಳಿತು ಸ್ವಾಮಿ ಮತ್ತು ಅವನ ಗೆಳೆಯರ ಕಥೆಯ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿದರೆ, ಆ ಮನೆಗೆ ಮತ್ತೆ ಜೀವ ಬರುತ್ತದೆ. ತೆರಿಗೆದಾರರ ಹಣ ಸಾರ್ಥಕವಾಗುವುದೂ ಆಗಲೇ.