ದೋಣಿಗೆ ಮ್ಯೂಸಿಯಂ, ಒಡೆಯನಿಗೆ ಗುಂಡು

ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ಮಾತು ಬಂದಾಗ 'ಆಸ್ಗಾರ್ಡ್' ಎಂಬ ಹಾಯಿದೋಣಿಯ ಕತೆಯನ್ನು ಸಮುದ್ರಸಾಹಸದಂತೆ ಹೇಳುವವರೇ ಹೆಚ್ಚು. ಬಿರುಗಾಳಿ, ಕಳ್ಳಸಾಗಣೆ, ಕೊನೆಗೆ ಚಪ್ಪಾಳೆ. ನನ್ನ ತಕರಾರು ಇರುವುದು ಈ ಚಪ್ಪಾಳೆಯ ಬಗ್ಗೆಯೇ.

1914ರ ಜುಲೈ 26ರಂದು ಡಬ್ಲಿನ್ ಹತ್ತಿರದ ಹೌತ್ ಬಂದರಿನಲ್ಲಿ ಈ ದೋಣಿ 900 ಹಳೆಯ ಮೌಸರ್ ಬಂದೂಕುಗಳನ್ನು ಇಳಿಸಿತು. ಒಡೆಯ ಅರ್ಸ್‌ಕಿನ್ ಚೈಲ್ಡರ್ಸ್ ಹೆಸರು ಎಲ್ಲರಿಗೂ ಗೊತ್ತು; ಕಾದಂಬರಿಕಾರ ಬೇರೆ. ಆದರೆ ಬಂದೂಕು ತರಿಸುವ ಯೋಚನೆ ಮೇರಿ ಸ್ಪ್ರಿಂಗ್ ರೈಸ್ ಅವರದು. ಬಂದರು ಹೊಗುವಾಗ ಚುಕ್ಕಾಣಿ ಹಿಡಿದಿದ್ದವರು ಚೈಲ್ಡರ್ಸ್ ಮಡದಿ ಮಾಲಿ, ಬಾಲ್ಯದಿಂದಲೂ ನಡೆಯಲು ಕಷ್ಟಪಡುತ್ತಿದ್ದವರು. ಗೋಲಾ ದ್ವೀಪದ ಮೀನುಗಾರರಾದ ಪ್ಯಾಟ್ರಿಕ್ ಮೆಕ್‌ಗಿನ್ಲಿ ಮತ್ತು ಚಾರ್ಲ್ಸ್ ಡಗನ್ ಕೂಲಿಗೆ ಬಂದು ಹಾಯಿ ಎಳೆದರು. ಕತೆಯಲ್ಲಿ ಇವರೆಲ್ಲ ಅಡಿಟಿಪ್ಪಣಿಗಳು.

ಅದೇ ವರ್ಷದ ಏಪ್ರಿಲ್‌ನಲ್ಲಿ ಅಲ್‌ಸ್ಟರಿನ ಬ್ರಿಟಿಷ್ ನಿಷ್ಠರು ಲಾರ್ನ್ ಮುಂತಾದ ಕಡೆ ಸುಮಾರು 25,000 ಬಂದೂಕು ಇಳಿಸಿಕೊಂಡಿದ್ದರು. ಪೊಲೀಸರು ಕಣ್ಣು ಮುಚ್ಚಿದರು. ಹೌತ್‌ನ 900ಕ್ಕೆ ಮಾತ್ರ ಸೈನ್ಯವೇ ಬಂತು. ಅಂದು ಸಂಜೆ ಡಬ್ಲಿನ್ನಿನ ಬ್ಯಾಚಲರ್ಸ್ ವಾಕ್‌ನಲ್ಲಿ ಬರಿಗೈಯ ಜನರ ಮೇಲೆ ಗುಂಡು ಹಾರಿಸಿ ಮೂವರನ್ನು ಅಲ್ಲೇ ಕೊಂದಿತು.

ಸಾಮ್ರಾಜ್ಯದ ಈ ತಾರತಮ್ಯವನ್ನು ಬೈಯುವುದು ಸುಲಭ, ನಾವೆಲ್ಲ ಬೈಯುತ್ತೇವೆ. ತಮ್ಮದೇ ಸರ್ಕಾರ ಬಂದ ಮೇಲೆ ಏನಾಯಿತು? ಬ್ರಿಟನ್ ಜೊತೆಗಿನ ಒಪ್ಪಂದವನ್ನು ವಿರೋಧಿಸಿದ ಚೈಲ್ಡರ್ಸ್‌ರನ್ನು ಐರಿಷ್ ಮುಕ್ತ ರಾಜ್ಯದ ಸೈನಿಕರು ಹಿಡಿದರು. ಆರೋಪವೇನು? ಒಂದು ಚಿಕ್ಕ ಪಿಸ್ತೂಲು ಇಟ್ಟುಕೊಂಡದ್ದು. ಅದನ್ನು ಉಡುಗೊರೆಯಾಗಿ ಕೊಟ್ಟಿದ್ದವರು ಹಿಂದೆ ಗೆಳೆಯರಾಗಿದ್ದ ಮೈಕೆಲ್ ಕಾಲಿನ್ಸ್. 1922ರ ನವೆಂಬರ್ 24ರಂದು ಗುಂಡಿಕ್ಕಿ ಕೊಂದರು.

ಅಂತರ್ಯುದ್ಧದ ಕಾಲ, ಅನಿವಾರ್ಯವಿತ್ತು ಎನ್ನುವವರಿದ್ದಾರೆ. ಹಾಗಾದರೆ ಮೇಲ್ಮನವಿ ಇನ್ನೂ ಬಾಕಿಯಿರುವಾಗಲೇ ಕೊಲ್ಲುವ ಅವಸರವೇನಿತ್ತು? ಆಳುವವರು ಬದಲಾದರೂ ಬಂದೂಕು ಯಾರ ಕೈಯಲ್ಲಿದ್ದರೆ ಅಪರಾಧ ಎಂದು ತೀರ್ಮಾನಿಸುವ ಗತ್ತು ಬದಲಾಗಲಿಲ್ಲ. ಸಾಹಸಕತೆ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ, ಅದು ಹೌತ್‌ನಲ್ಲೇ ಮುಗಿದುಬಿಡುತ್ತದೆ.

1961ರಲ್ಲಿ ಐರಿಷ್ ಸರ್ಕಾರ ಆ ದೋಣಿಯನ್ನು ಕೊಂಡುಕೊಂಡಿತು. 1973ರಲ್ಲಿ ಚೈಲ್ಡರ್ಸ್ ಮಗನೇ ರಾಷ್ಟ್ರಾಧ್ಯಕ್ಷರಾದರು. ದೋಣಿಯನ್ನು ಕೊಂಡಾಡಬೇಡಿ ಎಂದು ನಾನು ಹೇಳುತ್ತಿಲ್ಲ. 900 ಬಂದೂಕಿನ ಲೆಕ್ಕ ಹೇಳುವವರು ಆ ಒಂದು ಪಿಸ್ತೂಲಿನದನ್ನೂ ಅದೇ ಉಸಿರಿನಲ್ಲಿ ಹೇಳಲಿ. ಆಸ್ಗಾರ್ಡ್ ಈಗ ಡಬ್ಲಿನ್ನಿನ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿದೆ. ಆ ಮ್ಯೂಸಿಯಂ ಇರುವ ಹಳೆಯ ಸೈನಿಕ ಠಾಣ್ಯದ ಹೆಸರು ಕಾಲಿನ್ಸ್ ಬ್ಯಾರಕ್ಸ್.